ಮಾಂಬೇಲೆ ತಂದ ಮುಳ್ಳಿನ ಕೊಂಬೆ

1990ರಲ್ಲಿ ಜಗತ್ತಿನ ಬಾಗಿಲುಗಳೆಲ್ಲ ತೆರೆದವು ಎಂದು ಈಗಲೂ ಭಾಷಣ ಬಿಗಿಯುವವರಿದ್ದಾರೆ. ಆ ವರ್ಷ ನಾನೂ ಬೀದಿಯಲ್ಲಿ ಕುಣಿದವನೇ. ಆದರೆ ನಮ್ಮ ಕೇರಿ ಕ್ವಾಮಾಷುವಿನ ರೈಲು ಸ್ಟೇಷನ್ನಿನ ಮೆಟ್ಟಿಲ ಬಳಿ ಹಿಟ್ಟಿನ ಉಂಡೆ ಕರಿದು ಮಾರುತ್ತಿದ್ದ ಮಾಂಬೇಲೆಗೆ ಬೇಕಿದ್ದದ್ದು ಒಂದು ಊರಿನ ಹೆಸರು ಮಾತ್ರ. ಮಗ ಸತ್ತ ಊರಿನ ಹೆಸರು.

ಮಗ ಫಕಮಾನಿ ಮೀಸೆ ಚಿಗುರುವ ಮೊದಲೇ ಗಡಿ ದಾಟಿ, ಬಿಳಿಯರ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ನಮ್ಮ ಸಂಘಟನೆಯ ಸೈನ್ಯ ಸೇರಿದ್ದ. ಕೆಲವು ವರ್ಷಗಳ ಮೇಲೆ ‘ಹೋದ’ ಎಂಬ ಸುದ್ದಿಯಷ್ಟೇ ಬಂತು. ನಮ್ಮಲ್ಲಿ ಹೊರಗೆ ಸತ್ತವರು ತಾವಾಗಿ ಮನೆಗೆ ಬರಲಾರರು. ಸತ್ತ ಜಾಗಕ್ಕೇ ಮುಳ್ಳುಮರದ ಕೊಂಬೆ ಒಯ್ದು, ಹೆಸರು ಹಿಡಿದು ಕರೆದು, ದಾರಿಯುದ್ದಕ್ಕೂ ಮಾತಾಡಿಸುತ್ತ ಕರೆತರಬೇಕು. ಕೊಂಬೆ ಹಿಡಿದವರು ಬೇರೆ ಯಾರ ಜೊತೆಗೂ ತುಟಿ ಬಿಚ್ಚುವಂತಿಲ್ಲ. ಅಲ್ಲಿಯವರೆಗೆ ಸತ್ತವನಿಗೆ ಅಲೆದಾಟ, ತಾಯಿಗೆ ನಿದ್ದೆಯಿಲ್ಲ. ಕನಸಿಗೆ ಬಂದು ಚಳಿ ಚಳಿ ಅನ್ನುತ್ತಾನೆ ಎನ್ನುತ್ತಿದ್ದಳು.

ಫೆಬ್ರವರಿಯಲ್ಲಿ ಮಂಡೇಲಾ ಜೈಲಿನಿಂದ ಹೊರಬಂದಾಗ ಇಡೀ ಕೇರಿ ಬೀದಿಗಿಳಿಯಿತು. ಮಾಂಬೇಲೆ ಬಾಣಲೆ ಇಳಿಸಿ ನನ್ನನ್ನು ಕೇಳಿದಳು: “ಇನ್ನಾದ್ರೂ ಹೇಳ್ತಾರೇನೋ ನಿಮ್ಮೋರು?”

ಸಂಘಟನೆಯ ಮೇಲಿದ್ದ ನಿಷೇಧ ಹೋಗಿತ್ತು. ಪಟ್ಟಣದಲ್ಲಿ ನಮ್ಮ ಕಚೇರಿ ತೆರೆಯಿತು. ಹೊರದೇಶದಿಂದ ಮರಳಿದ ಮ್ಸೋಮಿ ಹೊಸ ಸೂಟು ತೊಟ್ಟು ಅದರ ಮುಖ್ಯಸ್ಥನಾದ. ಅವಳು ವಾರವಾರವೂ ಹೋಗಿ ಅವನ ಬಾಗಿಲಿನ ಬೆಂಚಿನ ಮೇಲೆ ಕೂತಳು. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ದಿನಗಳಲ್ಲಿ ಅವನು ಬೇಸತ್ತು ಬಾಯಿಬಿಟ್ಟ: ಜಾಂಬೆಜಿ ಹೊಳೆಯಾಚೆ, ಲುಸಾಕಾದ ಆಸ್ಪತ್ರೆಯಲ್ಲಿ, ಮಲೇರಿಯಾದಿಂದ.

ಹೋಗಬೇಕಾದ ಗಂಡಸರು ಆ ಮನೆಯಲ್ಲಿ ಉಳಿದಿರಲಿಲ್ಲ. ಅವಳೇ ಹೊರಟಳು, ಗಡಿಗಳಲ್ಲಿ ಅವಳ ಬದಲು ಮಾತಾಡಲು ನಾನು. ಆಸ್ಪತ್ರೆಯ ಹಿಂಗೋಡೆಯ ಬಳಿ ಕುಲದ ಹೆಸರುಗಳನ್ನೆಲ್ಲ ಹೇಳಿ ಮಗನನ್ನು ಕರೆದಳು. ವಾಪಸು ಬರುವಾಗ ಬಸ್ಸಿನಲ್ಲಿ ಕೊಂಬೆಗೂ ಒಂದು ಸೀಟು. ಕಂಡಕ್ಟರ್ ನಕ್ಕ.

“ಸೊಪ್ಪಿಗೂ ಸೀಟೇನಣ್ಣ? ಮೇಕೆ ಎಲ್ಲಿ, ಹಿಂದಿನ ಬಸ್ಸಲ್ಲಿ ಬರ್ತಿದ್ಯಾ?”

“ಮಗ ಮಲಗಿದಾನೆ, ಎಬ್ಬಿಸ್ಬೇಡ,” ಎಂದೆ. ಅವನು ಮತ್ತೆ ಆ ಕಡೆ ಸುಳಿಯಲಿಲ್ಲ.

ಮಾಂಬೇಲೆ ಕೊಂಬೆಯ ಜೊತೆ ಬಿಡುವಿಲ್ಲದೆ ಮಾತಾಡಿದಳು. ಇದು ಜಾಂಬೆಜಿ ಹೊಳೆ, ದಾಟ್ತಿದೀವಿ, ಕೈ ಬಿಡಬೇಡ ಎಂದಳು. ದಾರಿಯ ಸಂಗತಿ ಮುಗಿದ ಮೇಲೆ ಜಗತ್ತಿನ ಸುದ್ದಿ ಹಿಡಿದಳು: ಮುದುಕ ಜೈಲಿಂದ ಬಂದ, ನಮೀಬಿಯಾದೋರು ತಮ್ಮದೇ ಬಾವುಟ ಏರಿಸಿದ್ರು, ಕ್ಯಾಮರೂನಿನ ಹುಡುಗ್ರು ಅರ್ಜೆಂಟೀನಾನ ಸೋಲಿಸಿಬಿಟ್ರು, ನೀನು ನೋಡ್ಬೇಕಿತ್ತು ಮಗಾ. ಎರಡು ಜರ್ಮನಿಗಳು ಒಂದಾದವೆಂದು ಬಸ್ಸಿನ ರೇಡಿಯೊ ಹೇಳಿತು. ಅದನ್ನೂ ಕೊಂಬೆಗೆ ತಲುಪಿಸಿದಳು.

ಮನೆಯಲ್ಲಿ ಮೇಕೆ ಕಡಿದೆವು. ಹಿರಿಯರ ಮೂಲೆಯಲ್ಲಿ ಕೊಂಬೆ ಇಟ್ಟು ಜೋಳದ ಬಿಯರು ಸುರಿದೆವು. ಮಾರನೆಯ ಬೆಳಗ್ಗೆ ಮೊದಲ ರೈಲಿನವರಿಗೆ ತಿಂಡಿ ಸಿಗಲಿಲ್ಲ. ಮಾಂಬೇಲೆ ನಿದ್ದೆ ಮಾಡುತ್ತಿದ್ದಳು.

ಡಿಸೆಂಬರಿನಲ್ಲಿ ಬೊಂಗುಮೂಸ ಎಂಬುವನು ಮರಳಿ ಬಂದ, ಫಕಮಾನಿಯ ಜೊತೆ ಶಿಬಿರದಲ್ಲಿದ್ದವನು. ಅವಳ ಮನೆಗೆ ಬಂದವನು ಕೊಂಬೆಯ ಕಥೆ ಕೇಳಿ ಬಟ್ಟಲು ಕೆಳಗಿಟ್ಟ.

“ಲುಸಾಕಾನಾ? ಅವ್ವಾ, ಅವನು ಲುಸಾಕಾ ಕಣ್ಣಲ್ಲೂ ಕಂಡೋನಲ್ಲ.”

ಅಂಗೋಲಾದ ಕಾಡಿನ ಶಿಬಿರ. ಊಟದಲ್ಲಿ ಹುಳ, ನಾಯಕರ ತಟ್ಟೆಯಲ್ಲಿ ಮಾಂಸ ಯಾಕೆ ಎಂದು ಫಕಮಾನಿ ಕೇಳಿದ್ದ. ಗೂಢಚಾರ ಅಂದರು. ನಮ್ಮವರೇ ಮರಕ್ಕೆ ಕಟ್ಟಿ ಬಡಿದು ಕೊಂದರು. ಯಾವ ಕಾಡು? ಇವನಿಗೂ ಗೊತ್ತಿಲ್ಲ, ಕಣ್ಣು ಕಟ್ಟಿ ಲಾರಿಯಲ್ಲಿ ತಂದಿದ್ದರು. ಗೊತ್ತಿದ್ದವನು ಅಲ್ಲಿ ಅಧಿಕಾರಿಯಾಗಿದ್ದ ಮ್ಸೋಮಿ.

ಮಾಂಬೇಲೆ ಅಳಲಿಲ್ಲ. ಒಣಗಿದ ಕೊಂಬೆ ಎತ್ತಿಕೊಂಡು ಕಚೇರಿಗೆ ನಡೆದಳು. ನಾನು ಹಿಂದೆ. ಮ್ಸೋಮಿ ನಮ್ಮಿಬ್ಬರಿಗೂ ಚಹಾ ತರಿಸಿದ. ಜಗತ್ತೇ ಬದಲಾಗುತ್ತಿರುವ ಹೊತ್ತಿನಲ್ಲಿ ಹಳೆ ಗಾಯ ಕೆದಕಿದರೆ ಶತ್ರುಗಳಿಗೆ ಹಬ್ಬ ಎಂದು ಬುದ್ಧಿ ಹೇಳಿದ.

“ಜಗತ್ತಿನ ಸುದ್ದಿ ಎಲ್ಲಾ ಈ ಸೌದೆಗೆ ಹೇಳಿ ಮುಗಿಸಿದೀನಿ ಕಣಪ್ಪ,” ಎಂದಳು. “ಯಾವ ಕಾಡು, ಅಷ್ಟು ಹೇಳು.”

ಅವನು ಚಹಾದ ಬಟ್ಟಲನ್ನು ಅವಳತ್ತ ಸರಿಸಿದ.

“ಹಂಗಾದ್ರೆ ಇದು ನಿಂದು. ನೀನೇ ಮಾತಾಡಿಸು.” ಕೊಂಬೆಯನ್ನು ಅವನ ಮೇಜಿನ ಮೇಲಿಟ್ಟು ಎದ್ದಳು.

ಸೂಟು ಹೊಸದಾದರೂ ಅವನೂ ನಮ್ಮವನೇ. ಸತ್ತವನನ್ನು ಕರೆಯಲು ಕಡಿದ ಕೊಂಬೆಯನ್ನು ಕಸಕ್ಕೆ ಎಸೆಯುವ ಎದೆ ಅವನಿಗಿರಲಿಲ್ಲ. ಗುಡಿಸುವ ಹೆಂಗಸೂ ಮುಟ್ಟಲಿಲ್ಲ. ಕೊನೆಗೆ ಕೋಣೆಗೆ ಬೀಗ ಹಾಕಿ ಮೇಲಿನ ಅಂತಸ್ತಿಗೆ ಹೋದ. ಅಲ್ಲಿಂದ ಇನ್ನೂ ಮೇಲಕ್ಕೆ ಹೋದ, ಮಂತ್ರಿಗಳ ಪಕ್ಕ ಕೂತ. ಮಾಂಬೇಲೆ ಸಾಯುವವರೆಗೂ ಸ್ಟೇಷನ್ನಿನ ಬಳಿ ಉಂಡೆ ಕರಿದಳು. ಮೊದಲ ರೈಲಿನವರಿಗೆ ಮತ್ತೆಂದೂ ತಿಂಡಿ ತಪ್ಪಲಿಲ್ಲ.