ಅಮೃತಮ್ಮ ಕಾಲು ಚಾಚಿದ ದಿಕ್ಕು

ಅಮೃತಮ್ಮನ ಎಡಗಾಲಿನ ಮೇಲೆ ನೀಲಿ ಗಂಟುಗಳು ಎದ್ದು ಎಷ್ಟೋ ವರ್ಷಗಳಾಗಿದ್ದವು. ಸೀರೆ ಮುಚ್ಚಿದ್ದರಿಂದ ಮನೆಯವರಿಗೇನೂ ತೊಂದರೆಯಾಗಿರಲಿಲ್ಲ.

ಲಿಂಗಸುಗೂರಿನ ಕಡೆಯಿಂದ ಬಂದ ಆಕೆ ಬೆಳಿಗ್ಗೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಹತ್ತಿ, ಬೆನ್ಸನ್ ಟೌನಿನ ಎರಡು ಮನೆಗಳಲ್ಲಿ ನಿಂತು ಅಡುಗೆ ಮಾಡಿ, ಬಸ್ಸಿನಲ್ಲಿ ನಿಂತುಕೊಂಡೇ ವಾಪಸ್ಸು ಬಂದು, ತನ್ನ ಬಾಡಿಗೆ ಕೋಣೆಯಲ್ಲಿ ನಿಂತು ರೊಟ್ಟಿ ಬಡಿಯುತ್ತಿದ್ದಳು. ಗಂಡ ಜಟ್ಟೆಪ್ಪ ಅಪಾರ್ಟ್‌ಮೆಂಟೊಂದರ ಗೇಟಿನಲ್ಲಿ ಕೂತು ಕೂತು ದಣಿದು ಬರುತ್ತಿದ್ದ. ಮನೆಗೆ ಬಂದವನೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಟಿವಿ ನೋಡುತ್ತ ಕಾಲು ಚಾಚುತ್ತಿದ್ದ. ಅಮೃತಮ್ಮ ಎಣ್ಣೆ ಹಚ್ಚಿ ಒತ್ತುತ್ತಿದ್ದಳು.

ಕಣಕಾಲಿನ ಒಳಬದಿ ಕಪ್ಪಾಯಿತು, ತುರಿಸಿತು, ಕಡೆಗೆ ಹುಣ್ಣಾಗಿ ಸೋರತೊಡಗಿತು. ಅರಿಶಿನಕ್ಕೆ ಅದು ಬಗ್ಗಲಿಲ್ಲ. ಬೆನ್ಸನ್ ಟೌನಿನ ಮನೆಯಾಕೆ ನೋಡಿ, ತೋರಿಸಿಕೊಂಡು ಬರಲು ರಜೆ ಕೊಟ್ಟಳು. ಆಕೆಯ ಕಾಳಜಿ ಅಡುಗೆಮನೆಯ ನೆಲದ ಬಗ್ಗೆಯೂ ಇತ್ತು.

ಶಿವಾಜಿನಗರದ ಆಸ್ಪತ್ರೆಯಲ್ಲಿ ಡಾಕ್ಟರ್ ಬುಷ್ರಾ ಸ್ಕ್ಯಾನ್ ಮಾಡಿಸಿ ಹೇಳಿದರು: “ಕಾಲಲ್ಲಿರೋ ರಕ್ತ ಮೇಲೆ ಹತ್ಬೇಕಲ್ಲಮ್ಮ, ದಾರೀಲಿ ಪುಟ್ಟ ಪುಟ್ಟ ವಾಲ್ವ್ ಇರುತ್ತೆ. ನಿಮ್ಮವು ಸರಿಯಾಗಿ ಮುಚ್ತಿಲ್ಲ. ರಕ್ತ ವಾಪಸ್ ಇಳಿದು ಕೆಳಗೇ ನಿಂತ್ಬಿಡ್ತಿದೆ.”

“ಸಂಪಿನ ನೀರು ಟ್ಯಾಂಕಿಗೆ ಏರದಂಗೇನ್ರಿ?”

“ಹಂಗೇ ಅಂದ್ಕೊಳ್ಳಿ. ಈ ಪಟ್ಟಿ ಬಿಗಿಯಾಗಿ ಸುತ್ತಿರ್ತೀವಿ, ಬಿಚ್ಬೇಡಿ. ಆಮೇಲೆ ಕೆಟ್ಟಿರೋ ನಾಳಾನ ಲೇಸರ್‌ನಲ್ಲಿ ಮುಚ್ಚೋಣ. ಸಮಯ ಸಿಕ್ಕಾಗೆಲ್ಲ ಮಲಗಿ, ಕಾಲು ಎದೆಗಿಂತ ಎತ್ತರದಲ್ಲಿಡಿ. ಹುಣ್ಣು ಹೀಗೇ ಬೆಳೆದ್ರೆ ನಿಂತು ಮಾಡೋ ಕೆಲಸ ಮರೆತ್ಬಿಡಬೇಕಾಗುತ್ತೆ.”

ಕೂತು ಮಾಡುವ ಕೆಲಸ ಯಾವುದೂ ಅಮೃತಮ್ಮನ ಬಳಿ ಇರಲಿಲ್ಲ. ಅಂದು ಸಂಜೆಯೇ ನೆಲಕ್ಕೆ ಚಾಪೆ ಹಾಸಿ ಮಲಗಿದಳು.

“ದೇವರ ಕಡಿ ಕಾಲು ಚಾಚ್ತಿಯೇನ?” ಎಂದಳು ಮಂಚದ ಮೇಲಿದ್ದ ಅತ್ತೆ.

ಅಮೃತಮ್ಮ ತಿರುಗಿದಳು.

“ಈಗ ನನ್ನ ಕಡೀಗೇನ?”

ಮತ್ತೆ ತಿರುಗಿದಳು. ಅಲ್ಲಿ ಒಲೆಯಿತ್ತು, ಜೋಳದ ಚೀಲವಿತ್ತು. “ಅನ್ನಕ್ಕ ಒದಿಬ್ಯಾಡವಾ.”

ಉಳಿದದ್ದು ಬಾಗಿಲು. “ಬಾಗಲ ಕಡಿ ಕಾಲು ಮಾಡೋದು ಹೆಣಕ್ಕ,” ಎಂದ ಜಟ್ಟೆಪ್ಪ, ಟಿವಿಯಿಂದ ಕಣ್ಣು ತೆಗೆಯದೆ.

ಕೋಣೆಗೆ ಇದ್ದದ್ದು ನಾಲ್ಕೇ ಗೋಡೆ. ಅಮೃತಮ್ಮ ಎದ್ದು ಕೂರಲಿಲ್ಲ. ನೆಲದಿಂದ ನೋಡಿದಾಗ, ನಿಂತಾಗ ಕಾಣದ ಒಂದು ಸಂಗತಿ ಕಂಡಿತು.

“ನೀವು ಕಾಲು ಚಾಚಿದ್ದು ಯಾವ ಕಡೀಗ್ರಿ?”

“ಟಿವಿ ಕಡಿಗೆ.”

“ಟಿವಿ ಮ್ಯಾಲ ಯಾರದಾರ?”

ಜಟ್ಟೆಪ್ಪ ನೋಡಿದ. ಟಿವಿಯ ಮೇಲಿನ ಗೂಡಿನಲ್ಲಿ ಎಲ್ಲಮ್ಮ ಇದ್ದಳು, ಈ ಕೋಣೆಗೆ ಬಂದ ದಿನದಿಂದ ಅಲ್ಲೇ ಇದ್ದಳು. ಅವನು ಕಾಲು ಮಡಿಚಿಕೊಂಡ.

“ಗಂಡಸರದು ಬ್ಯಾರೆ,” ಎಂದಳು ಅತ್ತೆ. ಆದರೆ ಆ ದನಿಗೆ ಮೊದಲಿನ ಬಲವಿರಲಿಲ್ಲ.

“ಹಂಗಾರ ನಾನೂ ಟಿವಿ ಕಡೀಗೇ ಚಾಚ್ತೀನಿ. ಕುರ್ಚಿ ಕೊಡ್ರಿ, ಕಾಲು ಮ್ಯಾಲಿಡಬೇಕು.”

ಕುರ್ಚಿ ಕೈ ಬದಲಾಯಿತು. ಅಂದಿನಿಂದ ಜಟ್ಟೆಪ್ಪ ನೆಲದ ಮೇಲೆ ಕೂತು, ಪಟ್ಟಿ ಸುತ್ತಿದ ಕಾಲಿನಾಚೆಗೆ ಕತ್ತು ಚಾಚಿ ಕ್ರಿಕೆಟ್ ನೋಡಿದ.

ಹುಣ್ಣು ನಿಧಾನವಾಗಿ ಒಣಗಿತು. ಬುಷ್ರಾ ಪಟ್ಟಿ ಬಿಚ್ಚಿ ನೋಡಿ ಖುಷಿಪಟ್ಟರು. “ಪಟ್ಟಿ ಚೆನ್ನಾಗಿ ಕೆಲಸ ಮಾಡಿದೆ.”

“ಹೌದ್ರಿ. ಕುರ್ಚೀನೂ.”

ಲೇಸರ್‌ಗೆ ದಿನ ಗೊತ್ತಾಯಿತು. ಅಂದು ಮನೆಗೆ ಬಂದು ಅಮೃತಮ್ಮ ಎಂದಿನಂತೆ ಮಲಗಿ ಕಾಲೆತ್ತಿಟ್ಟಳು. ಜಟ್ಟೆಪ್ಪ ಮಂಡಿ ಹಿಡಿದುಕೊಂಡು ನರಳಿದ.

“ನೆಲದ ಮ್ಯಾಲ ಕೂತು ಕೂತು ಮೊಣಕಾಲು ಹಿಡದಾವ. ಒಂಚೂರು ಒತ್ತು.”

“ಎಣ್ಣಿ ಅಲ್ಲೇ ಐತಿ ನೋಡ್ರಿ,” ಎಂದಳು ಅಮೃತಮ್ಮ, ಟಿವಿಯಿಂದ ಕಣ್ಣು ತೆಗೆಯದೆ.

ತನ್ನ ಮೊಣಕಾಲು ತನ್ನ ಕೈಗೇ ಎಟಕುತ್ತದೆ ಎಂಬುದು ಜಟ್ಟೆಪ್ಪನಿಗೆ ಅಂದು ತಿಳಿಯಿತು.