ಬಣ್ಣದ ಕಾರ್ಖಾನೆ ಪಕ್ಕದ ಮನೆ

ಕೋವಿಡ್ ವಾಸಿಯಾದ ಮೇಲೂ ನನ್ನ ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ನನ್ನ ಗಂಡನದು ಇನ್ನೊಂದು ಥರ: ಕಾಫಿಯೂ ಅವರಿಗೆ ಸುಟ್ಟ ರಬ್ಬರಿನಂತೆ ನಾರುತ್ತಿತ್ತು. ಇಂಥ ಹೊತ್ತಿನಲ್ಲೇ ನಾವು ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ಮನೆ ಕೊಳ್ಳಲು ಹೊರಟೆವು. ಬಾಡಿಗೆ ಫ್ಲಾಟಿನಲ್ಲಿ ಇಬ್ಬರ ಆಫೀಸೂ ಮಗಳ ಶಾಲೆಯೂ ಒಂದೇ ಊಟದ ಮೇಜಿನ ಮೇಲೆ ನಡೆದು ಸಾಕಾಗಿಹೋಗಿತ್ತು.

ಆ ಮನೆ ನನಗೆ ನೋಡಿದ ಕೂಡಲೇ ಹಿಡಿಸಿತು. ಮಾರುತ್ತಿದ್ದವರು ನಿವೃತ್ತ ಟೀಚರ್, ತಮಿಳಿನವರು. ಹಿತ್ತಲಲ್ಲಿ ಕರಿಬೇವು, ಬಾಳೆ. ಗೋಡೆಯಾಚೆ ಮುಚ್ಚಿಹೋದ ಬಣ್ಣದ ಕಾರ್ಖಾನೆ. ಪಕ್ಕದ ಬೀದಿಗಿಂತ ಬೆಲೆ ಎಷ್ಟೋ ಕಡಿಮೆ.

ಹಿತ್ತಲಿಗೆ ಕಾಲಿಟ್ಟಿದ್ದೇ ಗಂಡ ಮಾಸ್ಕ್ ಒತ್ತಿಕೊಂಡರು. "ಥಿನ್ನರ್ ವಾಸನೆ ಕಣೇ."

"ಡ್ರೈನ್ ಅಷ್ಟೇ ಲಾ," ಅಂದ ಮನೆ ತೋರಿಸಲು ಬಂದಿದ್ದ ಏಜೆಂಟ್, ಇಲ್ಲಿಯವರ ಧಾಟಿಯಲ್ಲಿ.

ಕಾರ್ಖಾನೆಯವರು ನೆಲದಲ್ಲಿ ಏನೇನೋ ಹೂತಿದ್ದಾರಂತೆ ಎಂದು ಪಕ್ಕದ ಮನೆಯವರು ಹೇಳಿದರು. ನೋಡಿದ್ದೀರಾ ಅಂದರೆ, ಇಲ್ಲ, ಕೇಳಿದ್ದು. ಮಣ್ಣು ಪರೀಕ್ಷೆ ಮಾಡಿಸೋಣವೆಂದರೆ ಬ್ಯಾಂಕಿನವರು ಏಜೆಂಟನ್ನು ಕೇಳಿ ಅಂದರು, ಏಜೆಂಟ್ ವಕೀಲರನ್ನು ಕೇಳಿ ಅಂದ, ವಕೀಲರು ಫೋನೇ ಎತ್ತಲಿಲ್ಲ. ಗಂಡನ ಮೂಗನ್ನು ನಂಬುವುದೋ, ಏಜೆಂಟನ ಮಾತನ್ನೋ?

ಹೊರಡುವಾಗ ಟೀಚರ್ ಒಂದು ಕಟ್ಟು ಕರಿಬೇವು ಕೊಟ್ಟಿದ್ದರು. ಮನೆಗೆ ಬಂದು ಮುಖಕ್ಕೆ ಹಿಡಿದರೆ ಏನೂ ಇಲ್ಲ. ಒಗ್ಗರಣೆಗೆ ಹಾಕಲು ಭಯ, ಎಸೆಯಲು ಮನಸ್ಸಿಲ್ಲ. ಹೂವಿನ ಹಾಗೆ ಲೋಟದ ನೀರಿನಲ್ಲಿ ನಿಲ್ಲಿಸಿದೆ.

ವಾರವೆಲ್ಲ ಯೋಚಿಸಿ, ಬೇಡವೆಂದು ತಿಳಿಸಲು ನಾನೇ ಟೀಚರಿಗೆ ಫೋನ್ ಮಾಡಿದೆ. ಅವರು ತಮಿಳಿನಲ್ಲಿ ಕೇಳಿದರು: "ನಿಜ ಹೇಳಮ್ಮಾ, ನನ್ನ ಮನೆಯಲ್ಲಿ ವಾಸನೆ ಇದೆಯಾ? ಮೊದಮೊದಲು ಇತ್ತು ಅನ್ನಿಸುತ್ತೆ. ಆಮೇಲೆ ಅದೇ ನಿಂತಿತೋ, ನನಗೇ ಅಭ್ಯಾಸವಾಯಿತೋ ಗೊತ್ತಿಲ್ಲ."

"ನನಗೆ ಮೂಗೇ ಕೆಲಸ ಮಾಡ್ತಿಲ್ಲ ಆಂಟಿ," ಅಂದೆ. ತಪ್ಪಿಸಿಕೊಳ್ಳುತ್ತಿದ್ದೇನೆ ಅಂದುಕೊಂಡು ನಕ್ಕರು. ಕೋವಿಡ್ ಆಗಿತ್ತು ಎಂದ ಮೇಲೆ ಮನೆಯ ಮಾತು ಬಿಟ್ಟು, "ಉಸಿರಾಟ ಸರಿಯಿದೆಯಾ, ಬಿಸಿನೀರು ಕುಡೀತಿದ್ದೀಯಾ?" ಎಂದು ವಿಚಾರಿಸತೊಡಗಿದರು.

ನಾವು ಬೇರೆ ಕಡೆ ಫ್ಲಾಟ್ ಕೊಂಡೆವು. ಅವರ ಮನೆಗೆ ಗಿರಾಕಿಗಳೇ ಸಿಗದೆ ಅವರು ಅಲ್ಲೇ ಉಳಿದರೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ನಮ್ಮಿಬ್ಬರ ಮೂಗೂ ಸರಿಯಾಗಿತ್ತು. ಒಂದು ಭಾನುವಾರ ಗಂಡನಿಗೆ ಹೇಳಿದೆ, "ಒಂದ್ಸಲ ಹೋಗಿ ಬರೋಣ್ವಾ? ಈಗಾದ್ರೂ ಗೊತ್ತಾಗುತ್ತೆ."

"ಗೊತ್ತಾದ್ರೆ? ಅವರಿಗೆ ಹೇಳ್ತೀಯಾ?"

ನಾವು ಹೋಗಲಿಲ್ಲ.