ಅಗುಳಿಯಪ್ಪನವರು ಹೊರಗುಳಿದ ಕ್ರಿಸ್ಮಸ್

೧೯೭೩ನೆಯ ಇಸವಿಯ ಡಿಸೆಂಬರ್ ೨೫, ಮಂಗಳವಾರ. ಚಳಿಗಾಲ, ಬೆಳಗಿನಿಂದಲೇ ಬೀದಿಯ ತುಂಬ ಮಂಜು ಕವಿದಿತ್ತು, ಗಾಳಿ ಮಾತ್ರ ಇರಲಿಲ್ಲ. ಚರ್ಚಿನ ಬಾಗಿಲು ನೋಡಿಕೊಳ್ಳುತ್ತಿದ್ದ ಹಿರಿಯರು ಅಂದು ಜೀವಮಾನದಲ್ಲಿ ಮೊದಲ ಸಲ ಅದೇ ಬಾಗಿಲಿನ ಹೊರಗೆ ಉಳಿದರು.

ಎದುರಿಗೆ ಎಲ್ಲರೂ ಅವರನ್ನು ‘ಹಿರಿಯರೇ’ ಎನ್ನುತ್ತಿದ್ದರು. ಬೆನ್ನ ಹಿಂದೆ ‘ಅಗುಳಿಯಪ್ಪ’. ಅದಕ್ಕೆ ಕಾರಣವಿತ್ತು. ೧೯೫೧ರ ಡಿಸೆಂಬರ್ ೨ರಂದು, ಕ್ರಿಸ್ಮಸ್ಸಿಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರ, ಆ ಕೆಲಸಕ್ಕೆ ಸೇರಿದವರೇ ಒಂದು ನಿಯಮ ಮಾಡಿದರು: ಗಂಟೆಯ ಸದ್ದು ನಿಂತೊಡನೆ ಬಾಗಿಲಿಗೆ ಅಗುಳಿ. ಆಮೇಲೆ ಬಂದವರು ಆರಾಧನೆ ಮುಗಿಯುವವರೆಗೆ ಮೆಟ್ಟಿಲ ಮೇಲೆ ಕೂರಬೇಕು. ಪಾದ್ರಿಗಳು ಬದಲಾದರು, ಬೆಂಚುಗಳು ಬದಲಾದವು, ಅಗುಳಿ ಬದಲಾಗಲಿಲ್ಲ. ವರ್ಷವರ್ಷವೂ ಆಗಮನ ಕಾಲದಲ್ಲಿ ಪಾದ್ರಿಗಳು ದೇವರ ಕೃಪೆಯ ಬಗ್ಗೆ, ಅದನ್ನು ಯಾರೂ ದುಡಿದು ಸಂಪಾದಿಸಲಾರರು ಎಂಬುದರ ಬಗ್ಗೆ ಬೋಧಿಸುತ್ತಿದ್ದರು. ಅಗುಳಿಯಪ್ಪನವರು ಅದನ್ನೆಲ್ಲ ಬಾಗಿಲಿಗೊರಗಿ ಕೇಳಿದ್ದರು. ಒಂದು ಕಿವಿ ಬೋಧನೆಯ ಕಡೆ, ಇನ್ನೊಂದು ಹೊರಗಿನ ಹೆಜ್ಜೆಸದ್ದಿನ ಕಡೆ.

ಅವರ ಬಾಳಿನ ಹೆಮ್ಮೆಯೆಂದರೆ ಕ್ರಿಸ್ಮಸ್ ಬೆಳಗಿನ ಬಿಳಿ ಮೇಣದಬತ್ತಿ. ಮೊದಲ ಗೀತೆ ಮುಗಿದಾಗ ಅದನ್ನು ಹಚ್ಚುವುದು ಅವರ ಹಕ್ಕು. ಜ್ವರ ಬಂದ ವರ್ಷವೂ, ಹೆಂಡತಿ ತೀರಿಕೊಂಡ ವರ್ಷವೂ ಅವರೇ ಹಚ್ಚಿದ್ದರು.

ಈ ವರ್ಷ ಮೊಣಕಾಲು ಹಟ ಹಿಡಿಯಿತು. ಗಂಟೆ ಹೊಡೆಯುವ, ಅಗುಳಿ ಹಾಕುವ ಕೆಲಸವನ್ನು ಸೈಕಲ್ ರಿಪೇರಿ ಮಾಡುತ್ತಿದ್ದ ಅಳಿಯನಿಗೆ ಒಪ್ಪಿಸಿ, ಪಾಠವನ್ನೂ ಹೇಳಿದರು: “ಗಂಟೆ ನಿಂತ್ಮೇಲೆ ರಾಜನೇ ಬಂದ್ರೂ ತೆಗೀಬೇಡಿ.” ಅಳಿಯ ಸಾಧುಪ್ರಾಣಿ. ಮಾವನ ಮಾತು ಮೀರುವ ಧೈರ್ಯ ಅವನಿಗೆ ಮದುವೆಯಾದಂದಿನಿಂದಲೂ ಬಂದಿರಲಿಲ್ಲ.

ಕ್ರಿಸ್ಮಸ್ ಬೆಳಿಗ್ಗೆ ಹಿರಿಯರು ಊರುಗೋಲು ಹಿಡಿದು ಬೇಗನೆ ಹೊರಟರು. ಬೀದಿಯ ಮೂಲೆಯಲ್ಲಿ ದರ್ಜಿ ಏದುಸಿರು ಬಿಡುತ್ತ ಓಡಿಬರುವುದು ಕಂಡಿತು. ಗಿರಾಕಿಗಳ ಕೋಟಿಗೆ ಕೊನೆಯ ಗುಂಡಿ ಹೊಲಿದು ಬರುವಷ್ಟರಲ್ಲಿ ಅವನಿಗೆ ಪ್ರತಿ ವರ್ಷವೂ ತಡ. ಹಿರಿಯರು ಊರುಗೋಲು ಅಡ್ಡ ಹಿಡಿದರು.

“ನಿಲ್ಲಯ್ಯಾ! ಈ ವರ್ಷಾನೂ ಓಟಾನೇ?”

“ಗಂಟೆ ಹೊಡೀತಿದೆ ಹಿರಿಯರೇ, ದಾರಿ ಬಿಡಿ.”

“ಹೊಡೀಲಿ. ಹೊತ್ತು ಅಂದ್ರೇನು ಅಂತ ನಿನ್ಗೆ ಯಾರೂ ಹೇಳ್ಕೊಟ್ಟಿಲ್ಲ. ನಾನು ಹೇಳ್ತೀನಿ ಕೇಳು.”

ಹೇಳಿದರು. ಹೊತ್ತಿನ ಬೆಲೆ, ಶಿಸ್ತು, ತಮ್ಮ ಬಾಲ್ಯದ ಮೇಷ್ಟರ ಬೆತ್ತ, ಒಂದನ್ನೂ ಬಿಡಲಿಲ್ಲ. ಬೆತ್ತದ ಹತ್ತಿರ ಬಂದಾಗ ಗಂಟೆ ನಿಂತಿತು.

ದರ್ಜಿ ಮೆಲ್ಲಗೆ ಕೇಳಿದ: “ಈಗ ನಮ್ಮಿಬ್ಬರ ಗತಿ?”

ಚರ್ಚಿನ ಮೆಟ್ಟಿಲ ಮೇಲೆ ಬೇಕರಿಯ ಯಜಮಾನಿ ಹಿಟ್ಟು ಮೆತ್ತಿದ ಸೀರೆಯಲ್ಲೇ ಕೂತಿದ್ದಳು. ರಾತ್ರಿಪಾಳಿ ಮುಗಿಸಿ ಬಂದ ನರ್ಸ್ ಒಬ್ಬಳು ಕಂಬಕ್ಕೊರಗಿ ತೂಕಡಿಸುತ್ತಿದ್ದಳು. ಹಿರಿಯರು ಅವರತ್ತ ನೋಡದೆ ಬಾಗಿಲು ಬಡಿದರು.

“ಅಳಿಯಂದ್ರೇ, ತೆಗೀರಿ.”

“ಯಾರು?”

“ನಾನು.”

“ನಾನು ಅಂದ್ರೆ?”

“ನಿನ್ನ ಹೆಂಡ್ತಿ ಅಪ್ಪ ಕಣಯ್ಯಾ!”

“ಮಾವ, ಗಂಟೆ ನಿಂತಿದೆ. ರಾಜನೇ ಬಂದ್ರೂ ತೆಗೀಬೇಡಿ ಅಂದಿದ್ರಿ.”

“ರಾಜ ಅಲ್ಲಪ್ಪಾ, ನಾನು!”

“ರಾಜನಿಗೇ ಇಲ್ಲ ಅಂದ್ಮೇಲೆ…” ಅಳಿಯನ ದನಿ ಅಳುವಂತಿತ್ತು.

“ಶಿಷ್ಯನ್ನ ಚೆನ್ನಾಗಿ ತಯಾರು ಮಾಡಿದ್ದೀರಿ,” ಎಂದ ದರ್ಜಿ.

“ಇವತ್ತು ಹುಟ್ಟಿದ ರಾಜನೂ ಹೊರಗಡೇನೇ ಇದ್ದ,” ಎಂದಳು ಬೇಕರಿಯಾಕೆ. “ಸಮಾಧಾನ ಮಾಡ್ಕೊಳ್ಳಿ. ಆ ಮೂಲೆಯ ಕಲ್ಲು ಕೊರೆಯುತ್ತೆ, ಈ ಕಡೆ ಬಂದು ಕೂತ್ಕೊಳ್ಳಿ.”

ಒಳಗೆ ಮೊದಲ ಗೀತೆ ಶುರುವಾಯಿತು. ಅದು ಮುಗಿದರೆ ಮೇಣದಬತ್ತಿ. ಅಗುಳಿಯಪ್ಪನವರು ಮೆಟ್ಟಿಲ ಮೇಲೆ ಕೂತರು. ಬೇಕರಿಯಾಕೆ ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಸುರಿದು ಅವರ ಕೈಗಿಟ್ಟಳು.

“ಇಷ್ಟು ವರ್ಷ ನಿಮ್ಮನ್ನ ಇಲ್ಲಿ ಕೂರಿಸಿದ್ದೀನಲ್ಲಮ್ಮ,” ಎಂದರು ಅವರು, ಮುಚ್ಚಳವನ್ನೇ ನೋಡುತ್ತ. “ನನ್ನ ಮೇಲೆ ಸಿಟ್ಟಿಲ್ವಾ?”

“ಇರದೆ ಏನು? ಬೇಕಾದಷ್ಟಿದೆ. ಮೊದ್ಲು ಟೀ ಕುಡೀರಿ, ಆರುತ್ತೆ.”

ಹಾಗೆಂದು ಅವಳೇ ಎದ್ದು ಬಾಗಿಲು ಗುದ್ದಿದಳು. “ಏ ತಮ್ಮಾ, ಅವರೊಬ್ಬರನ್ನ ಒಳಗೆ ಬಿಡಪ್ಪ. ಬತ್ತಿ ಹಚ್ಚಬೇಕು ಅವರು, ವಯಸ್ಸಾದೋರು. ನಮಗೇನು, ರೂಢಿ ಇದೆ. ನಾವು ಇಲ್ಲೇ ಇರ್ತೀವಿ.”

ಹೊರಗಿದ್ದವರೇ ಇನ್ನೊಬ್ಬರಿಗಾಗಿ ಬೇಡಿಕೊಂಡರೆ ಏನು ಮಾಡಬೇಕೆಂದು ಮಾವ ಹೇಳಿಕೊಟ್ಟಿರಲಿಲ್ಲ. ಅಗುಳಿ ಸರಿಯಿತು.

ಹಿರಿಯರು ಹೊಸ್ತಿಲ ಮೇಲೆ ನಿಂತರು. ಮುಂದೆ, ಹಚ್ಚದ ಬಿಳಿ ಬತ್ತಿ. ಹಿಂದೆ, ದರ್ಜಿಯೂ ಬೇಕರಿಯಾಕೆಯೂ ಮತ್ತೆ ಮೆಟ್ಟಿಲ ಮೇಲೆ ಕೂರಲು ಅಣಿಯಾಗುತ್ತಿದ್ದರು. ಇವರಿಂದ ಇಷ್ಟು ಪಡೆಯಲು ತಾನು ಮಾಡಿದ್ದೇನು ಎಂದು ಹಿರಿಯರು ಲೆಕ್ಕ ಹಾಕಿ ನೋಡಿದರು. ಮಾಡಿದ್ದೆಲ್ಲ ಅದಕ್ಕೆ ವಿರುದ್ಧವಾಗಿಯೇ ಇತ್ತು. ಆಗಮನ ಕಾಲದ ಬೋಧನೆಗಳೆಲ್ಲ ಒಟ್ಟಿಗೆ ಅವರ ಕಿವಿಗೆ ಬಿದ್ದದ್ದು ಆಗ, ಎರಡೂ ಕಿವಿಗೆ.

“ಏನು ಕೂರ್ತೀರಿ? ಏಳಿ!” ಎಂದು ಗದರಿದರು. “ನಡೀರಿ ಒಳಗೆ! ಈಗಾಗ್ಲೇ ತಡ ಆಗಿದೆ!”

ಬಾಗಿಲನ್ನು ಬೆನ್ನಿನಿಂದ ಒತ್ತಿಹಿಡಿದು ಬೇಕರಿಯಾಕೆಯನ್ನು, ದರ್ಜಿಯನ್ನು ಒಳಗೆ ಸಾಗಿಸಿದರು. ನರ್ಸಿಗೆ ಎಚ್ಚರವಾಗಲಿಲ್ಲ, ಊರುಗೋಲಿನಿಂದ ಕಂಬ ತಟ್ಟಿ ಎಬ್ಬಿಸಿದರು. ಅಷ್ಟರಲ್ಲಿ ಗೀತೆ ಮುಗಿಯಿತು. ಪಾದ್ರಿಗಳು ಹಿರಿಯರಿಗಾಗಿ ಸುತ್ತ ಹುಡುಕಿ, ಅವರು ಕಾಣದಿದ್ದಾಗ, ನಡುದಾರಿಯಲ್ಲಿ ಎಲ್ಲರಿಗಿಂತ ಮುಂದೆ ಬರುತ್ತಿದ್ದ ಬೇಕರಿಯಾಕೆಯ ಕೈಗೆ ಉರಿಯುವ ಕಡ್ಡಿ ಕೊಟ್ಟುಬಿಟ್ಟರು. ಅವಳು ಹಿಟ್ಟಿನ ಕೈಯಲ್ಲೇ ಹಚ್ಚಿದಳು.

“ಓರೆಯಾಗಿ ಹಚ್ಚಿದ್ಲು,” ಎಂದು ಗೊಣಗಿ, ಅಗುಳಿಯಪ್ಪನವರು ಕಣ್ಣೊರೆಸಿಕೊಂಡು ಅಳಿಯನ ಕಡೆ ತಿರುಗಿದರು. “ನೀವು ಬಾಗ್ಲು ಯಾಕೆ ತೆಗೆದ್ರಿ? ನಿಯಮ ಅಂದ್ರೆ ನಿಯಮ ತಾನೇ?”

“ಮತ್ತೆ ಹಾಕ್ಲಾ ಮಾವ?”

“ಬೇಡ.”

೧೯೭೪ರ ಜನವರಿ ೬, ಭಾನುವಾರ ಸೇರಿದ ಸಭೆಯಲ್ಲಿ, ಆರಾಧನೆಯ ವೇಳೆ ಅಗುಳಿ ಹಾಕಬಾರದೆಂದು ಅವರೇ ಸೂಚಿಸಿದರು; ಸಭೆ ಒಪ್ಪಿತು. ಬಿಳಿ ಬತ್ತಿಯನ್ನು ಕೊನೆಗೆ ಬಂದವರು ಹಚ್ಚಲಿ ಎಂದೂ ಆಯಿತು. ಆ ವರ್ಷದ ಡಿಸೆಂಬರ್ ೨೫ರಂದು ಆ ಮರ್ಯಾದೆಗಾಗಿ ಅರ್ಧ ಸಭೆ ಬೀದಿಯಲ್ಲೇ ಸುಳಿದಾಡುತ್ತಿದ್ದುದರಿಂದ, ಎರಡನೆಯ ತೀರ್ಮಾನವನ್ನು ೧೯೭೫ರಲ್ಲಿ ರದ್ದು ಮಾಡಲಾಯಿತು. ಹಿರಿಯರು ೧೯೮೦ರ ಜೂನ್ ೨೯ರವರೆಗೆ ಬಾಗಿಲಲ್ಲಿ ನಿಂತು, ತಡವಾಗಿ ಬಂದವರನ್ನೆಲ್ಲ ಬೈದು ಒಳಗೆ ಕಳುಹಿಸಿದರು. ಅವರು ತೀರಿಕೊಂಡದ್ದು ೧೯೮೬ರ ಮಾರ್ಚ್ ೧೧, ಮಂಗಳವಾರ.